ಕಲ್ಲಿನಾಥನ ಹೊಸ್ತಿಲಿಗೆ ಬಂದ ಬಾತುಗಳು

ಕೆರೆಯ ಬಾತುಗಳು ಸಾಲುಕಟ್ಟಿಕೊಂಡು ಪೇಟೆಬೀದಿಗೆ ಹತ್ತಿದವೆಂದರೆ ನನ್ನ ಭಜಿ ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಬಾತಿನ ದಾರಿ ಕಾಯುವುದು ಯಾರಿಂದಲೂ ಆಗದ ಕೆಲಸ. ನಾಲ್ಕು ಜನರ ನಡುವೆ, ಕೈಯಲ್ಲೊಂದು ಬಿಸಿ ಮಿರ್ಚಿ ಹಿಡಿದು, "ನಮ್ಮನಿಗಿ ಅಲ್ಲಪಾ, ನಮ್ಮನಿಗಿ ಅಲ್ಲ" ಎಂದು ಬಾಯಲ್ಲಿ ಹೇಳುತ್ತ, ಬೆಳಗಿನಿಂದ ತಾನು ಏನೇನು ಮಾಡಿದೆ ಎಂದು ಮನಸ್ಸಿನಲ್ಲಿ ತಡಕಾಡುತ್ತ ನಿಂತರೆ ಎದೆಬಡಿತ ಸ್ವಲ್ಪ ತಹಬಂದಿಗೆ ಬರುತ್ತದೆ. ನನ್ನ ಹೆಸರು ಸಾವಂತ್ರವ್ವ. ನನ್ನ ಅಂಗಡಿ ಇರುವುದು ಬೀದಿ ಕವಲೊಡೆಯುವಲ್ಲಿ. ಬಾತು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂಬುದು ಮೊದಲು ಗೊತ್ತಾಗುವುದು ನನಗೆ, ಆಮೇಲೆ ದೇವರಿಗೆ.

ಹೊಸಬರಿಗಾಗಿ ಹೇಳುತ್ತೇನೆ. ನಮ್ಮೂರಲ್ಲಿ ಏನಾದರೂ ಕೆಟ್ಟರೆ, ಕೆಡಿಸಿದವರ ಹೊಸ್ತಿಲಿಗೆ ಬಾತು ಬರುತ್ತದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ ಒಂದು ಬಾತು. ಕುಪ್ಪಸ ಬಿಗಿಯಾಗಿ ಹೊಲಿದು, ನೀವೇ ದಪ್ಪಗಾಗಿದ್ದೀರಿ ಎಂದು ಸಾಧಿಸಿದರೆ ಎರಡು. ಚಾಡಿ ಹೇಳಿ ಯಾರದೋ ಮದುವೆ ಮುರಿದರೆ ಅಂಗಳ ತುಂಬ. ಬಂದ ಬಾತು ಕೂಗುವುದಿಲ್ಲ, ಕುಕ್ಕುವುದಿಲ್ಲ. ಹೊಸ್ತಿಲ ಮುಂದೆ ಕೂತು, ಕತ್ತು ಓರೆ ಮಾಡಿ, ಒಂದೇ ಕಣ್ಣಲ್ಲಿ ನೋಡುತ್ತದೆ. ನೀವು ಹೊರಗೆ ಬಂದು, ಬೀದಿಗೆ ಕೇಳುವ ಹಾಗೆ "ನಾನೇ" ಎನ್ನಬೇಕು, ಏನು ಮಾಡಿದಿರೆಂದು ಹೇಳಬೇಕು. ಅಷ್ಟೇ. ಬಾತು ಎದ್ದು, ಬಾಲ ಅಲ್ಲಾಡಿಸಿ, ಬಂದ ದಾರಿಯಲ್ಲೇ ಕೆರೆಗೆ ಹೋಗುತ್ತದೆ. ಬೀದಿಯವರು ಒಂದು ಸಲ ನಕ್ಕು ಮರೆಯುತ್ತಾರೆ.

ನಾವು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದೇವೆ. ಹೊಸ ಸೊಸೆ ಬಂದರೆ ಅತ್ತೆ ಮೊದಲು ಕಲಿಸುವುದು ಗಂಟಲು ಬಿಚ್ಚಿ "ನಾನೇ" ಎನ್ನುವುದನ್ನು. ಅವಸರದವರು ಬಾತು ಹೊರಡುವ ಮೊದಲೇ ಬಾಗಿಲಲ್ಲಿ ನಿಂತು ಕೂಗಿಬಿಡುತ್ತಾರೆ. ಅರ್ಧ ದಾರಿ ಬಂದ ಬಾತು ಅಲ್ಲೇ ಹೊರಳಿ, ಸ್ವಲ್ಪ ಬೇಸರದಿಂದಲೇ, ವಾಪಸು ಹೋಗುತ್ತದೆ. ಒಮ್ಮೆ ಹಾಲು ಉಕ್ಕಿಸಿದವರು ಯಾರೆಂದು ಗಂಡಹೆಂಡತಿ ಕಿತ್ತಾಡುತ್ತಿದ್ದಾಗ, ಬಾತು ಇಬ್ಬರ ನಡುವೆ ಹಾದು, ಹಿತ್ತಲಲ್ಲಿ ಕೂತಿದ್ದ ಮಾವನ ಮುಂದೆ ಹೋಗಿ ಕೂತಿತು. ಬೀಡಿ ಹಚ್ಚಿಕೊಳ್ಳಲೆಂದು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದ್ದವನು ಅವನು. ಊರೆಲ್ಲ ನಕ್ಕಿತು, ಮಾವನೂ ಕೆಮ್ಮುತ್ತ ನಕ್ಕ. ಇನ್ನು ಊರಿನ ಹಿರೇತನ ನಡೆಸುತ್ತಿದ್ದ ಬಾಳವ್ವನ ಮನೆಗಂತೂ ಬಾತುಗಳು ಓಡಾಡಿ ಓಡಾಡಿ ಹುಲ್ಲು ಸವೆದು ಕಾಲುದಾರಿಯೇ ಬಿದ್ದಿತ್ತು. ಊರಿನ ತೀರ್ಮಾನಗಳೆಲ್ಲ ಅವಳವು, ಹಾಗಾಗಿ ತಪ್ಪುಗಳೂ ಅವಳವೇ. ಅವಳು ಕುಟ್ಟಿದ ಎಲೆಅಡಿಕೆ ಮೆಲ್ಲುತ್ತ ಹೊರಗೆ ಬಂದು, "ಹೌದ್ರೆವ್ವಾ, ನಾನೇ. ನಡೀರಿ, ಬಿಸಲಾಗ ಕುಂದರಬ್ಯಾಡ್ರಿ" ಎಂದು ಅವುಗಳನ್ನು ಬೀಳ್ಕೊಡುತ್ತಿದ್ದಳು.

ಇಂಥ ಊರಲ್ಲಿ ಬಾತಿನ ಒಂದು ಗರಿಯೂ ಬೀಳದ ಹೊಸ್ತಿಲೆಂದರೆ ಕಲ್ಲಿನಾಥನದು. ಅವನು ಹುಟ್ಟಿದ ದಿನ ಸೂಲಗಿತ್ತಿ ಬಿಸಿನೀರಿನ ಹಂಡೆ ಉರುಳಿಸಿದ್ದಳಂತೆ. ಅವಳಿಗಾಗಿ ಹೊರಟ ಬಾತು ಆ ಮನೆಯ ಬಾಗಿಲವರೆಗೂ ಬಂದು, ಒಳಗೆ ಕೂಸು ಅತ್ತದ್ದು ಕೇಳಿ, ಹೊರಳಿ ಸೂಲಗಿತ್ತಿಯ ಮನೆಯ ಮುಂದೆ ಹೋಗಿ ಕಾದಿತಂತೆ. "ನನ್ನ ಮಗನ ಹಣ್ಯಾಗ ಬಾತು ಬರದಿಲ್ಲ" ಎಂದು ತಾಯಿ ಊರೆಲ್ಲ ಸಾರಿಕೊಂಡು ಬಂದಳು. ಹೇಳುತ್ತ ಹೇಳುತ್ತ ಅವಳು ನಂಬಿದಳು, ಕೇಳುತ್ತ ಕೇಳುತ್ತ ಮಗ ನಂಬಿದ, ನೋಡುತ್ತ ನೋಡುತ್ತ ಊರೂ ನಂಬಿತು.

ಹಣೆಬರಹ ಒಂದು ಕಡೆಗಿರಲಿ, ಅವನಲ್ಲಿ ಒಂದು ವಿದ್ಯೆಯೂ ಇತ್ತು. ಯಾವ ಕೆಲಸದಲ್ಲೂ ಕೊನೆಯ ಮಾತನ್ನು ಅವನು ಆಡುತ್ತಿರಲಿಲ್ಲ, ಬೇರೆಯವರಿಂದ ಆಡಿಸುತ್ತಿದ್ದ. ಮನೆಗೆ ನೀಲಿ ಬಣ್ಣ ಬೇಕೆಂದು ಮನಸ್ಸಿನಲ್ಲಿದ್ದರೆ, ಬಣ್ಣದವನ ಹೆಗಲ ಮೇಲೆ ಕೈಹಾಕಿ, ಹಳದಿಯನ್ನು ಬೈದು, ಬಿಳಿಯನ್ನು ನೋಡಿ ಮೂಗು ಮುರಿದು, ಆಕಾಶ ನೋಡುತ್ತ ನಿಟ್ಟುಸಿರು ಬಿಟ್ಟು, "ನೀ ತಿಳದಾಂವ. ನೀನ ಹೇಳು" ಎನ್ನುತ್ತಿದ್ದ. ಬಣ್ಣದವನು ಉಬ್ಬಿಹೋಗಿ "ನೀಲಿ ಹಚ್ಚೂಣು" ಎನ್ನುತ್ತಿದ್ದ. ಆಮೇಲೆ ಗೋಡೆಯಿಂದ ಬಣ್ಣ ಕಿತ್ತು ಬಂದರೆ ಬಾತು ಹೋಗುತ್ತಿದ್ದದ್ದು ಬಣ್ಣದವನ ಮನೆಗೆ. ಹಾಗೆಂದು ಅವನು ಕೆಟ್ಟವನೆಂದು ತಿಳಿಯಬೇಡಿ. ಎತ್ತರದ ಆಳು, ತುಂಬು ದನಿ, ನಕ್ಕರೆ ಎದುರಿಗಿದ್ದವರ ಹೊಟ್ಟೆಯೂ ಅಲ್ಲಾಡಬೇಕು ಅಂಥ ನಗು. ಅವನು ಹೆಗಲ ಮೇಲೆ ಕೈಯಿಟ್ಟರೆ ಸಾಕು, ನಾನು ದೊಡ್ಡ ಮನುಷ್ಯಳು ಎನಿಸುತ್ತಿತ್ತು. ನನ್ನ ಮಿರ್ಚಿಗೆ ಅಜವಾನ ಹಾಕಬೇಕೆಂದು ನನ್ನ ಬಾಯಿಂದಲೇ ಹೇಳಿಸಿದವನೂ ಅವನೇ. ಅದರಿಂದ ಒಳ್ಳೆಯದೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅವನ ಹೆಂಡತಿ ನೀಲಗಂಗಾ, ಕಮ್ಮಾರ ದ್ಯಾವಣ್ಣನ ತಂಗಿ. ಅವಳ ಕೈಗೆ ಸಿಕ್ಕ ಬಟ್ಟಲು ನೆಲ ಕಾಣುತ್ತಿತ್ತು, ಅವಳು ಇಟ್ಟ ಹಾಲು ಬೆಕ್ಕಿಗೆ ಸೇರುತ್ತಿತ್ತು. ಮದುವೆಯಾದ ಮೊದಲ ವಾರವೇ ಅವಳಿಗಾಗಿ ಬಾತು ಹೊರಟಿತು. ಕಲ್ಲಿನಾಥ ಅದನ್ನು ಬೀದಿಯಲ್ಲೇ ಅಡ್ಡಗಟ್ಟಿ, ಎರಡೂ ಕೈ ಅಗಲಿಸಿ, "ಈ ಕಡೆ ಬರ್ರಿ, ಈ ಕಡೆ" ಎಂದು ಹಿತ್ತಲಿಗೆ ಸಾಗಿಸಿಕೊಂಡು ಹೋದ. ಮರುದಿನವೇ ಹಿತ್ತಲ ಗೋಡೆ ಒಡೆಸಿ, ಹೆಂಡತಿಯ ಬಾತುಗಳಿಗೆಂದು ಬೇರೆ ಬಾಗಿಲು ಇಡಿಸಿದ. ಮುಂಬಾಗಿಲ ಹೊಸ್ತಿಲು ಮಾತ್ರ ಹಾಗೇ ಥಳಥಳ ಹೊಳೆಯುತ್ತಿರಬೇಕು! ಅವಳು ಸಿಟ್ಟಾಗುವುದಿರಲಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾತು ಬಂದಾಗಲೆಲ್ಲ ಗಂಡಹೆಂಡತಿ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವಳು "ನಾನೇ, ಬೆಣ್ಣಿ ಗಡಿಗಿ ಒಡದಾಕಿ ನಾನೇ" ಎಂದು ಹಾಡಿನಂತೆ ಹೇಳುವುದು, ಅವನು ಅವಳ ಮುಖ ನೋಡುತ್ತ ಮರುಳಾಗುವುದು. ಅಷ್ಟು ಸಲೀಸಾಗಿ ಆ ಮಾತು ಹೇಗೆ ಹೊರಬರುತ್ತದೆ ಎಂದು ತನಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ ಎಂದು ಅವನು ಈಚೆಗೆ ನನ್ನ ಅಂಗಡಿಯಲ್ಲಿ ಕೂತು ಹೇಳಿದ. ಈ ಕಥೆಯಲ್ಲಿ ನಾನು ಕಣ್ಣಾರೆ ಕಾಣದ್ದೆಲ್ಲ ಅವನಿಂದ ಕೇಳಿದ್ದೇ.

ಊರ ಹಿರೇತನದ ಕಟ್ಟೆಯ ಮೇಲೆ ಅವನ ಕಣ್ಣು ಬಿದ್ದದ್ದು ಸಹಜವೇ. ಒಂದು ಸಂತೆಯ ದಿನ ಅವನು ಕಟ್ಟೆಯ ಮುಂದೆ ನಿಂತು ತುಂಬು ದನಿ ತೆಗೆದ. "ನಾ ಏನೂ ಕೇಳೂದಿಲ್ಲ, ನೀವ ವಿಚಾರ ಮಾಡ್ರಿ. ದಿನಾ ಬಾತು ಬರೂ ಮನಿಯವರು ಊರು ನಡಸಬೇಕೋ, ಬಾತು ಕಾಣದ ಮನಿಯವರು ನಡಸಬೇಕೋ? ನೀವು ತಿಳದವರು. ನೀವ ಹೇಳ್ರಿ." ನಾವು ತಿಳಿದವರು ಅಲ್ಲವೇ? ಹೇಳಿಬಿಟ್ಟೆವು. ಕೂಗಿದ ಕೂಗಿಗೆ ಕಟ್ಟೆಯ ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು. ಬಾಳವ್ವ ಬಾಯಲ್ಲಿದ್ದ ತಾಂಬೂಲ ಉಗಿದು, ಸೆರಗು ಕೊಡವಿ ಎದ್ದಳು. "ಕುಂದರಪಾ. ಆದ್ರ ಒಂದು ಹೇಳ್ತೀನಿ. ಈ ಕಟ್ಟಿ ಮ್ಯಾಲ ಕುಂತಾವ ಬ್ಯಾರೇದವರ ಬಾತನ್ನೂ ಆಗೊಮ್ಮೆ ಈಗೊಮ್ಮೆ ತನ್ನ ಮನಿಗಿ ಕರಕೊಳ್ಳಬೇಕಾಗತೈತಿ." ಅವನು ಕೈಮುಗಿದು ನಕ್ಕ. ಆ ನಗುವಿಗೆ ನಾವೂ ನಕ್ಕೆವು. ಅಂದು ನಾನು ಕರಿದ ಮಿರ್ಚಿ ಒಂದೂ ಉಳಿಯಲಿಲ್ಲ.

ಕಟ್ಟೆ ಏರಿದವನಿಗೆ ಕಟ್ಟೆಯ ಎತ್ತರ ಸಾಲದೆ ಬಂತು. ಕೆರೆಯಾಚೆಗೆ ಇನ್ನೊಂದು ಊರಿದೆ. ಅಲ್ಲಿಯವರು ನಮ್ಮನ್ನು ಬಾತಿನೂರಿನವರು ಎಂದು ಆಡಿಕೊಳ್ಳುತ್ತಾರೆ. ಅವರ ತಪ್ಪಿಗೆ ಅವರ ಮನೆಗೆ ಏನೂ ಬರುವುದಿಲ್ಲವಾದ್ದರಿಂದ ಅವರಿಗೆ ತಪ್ಪೇ ಇಲ್ಲ ಎಂಬ ಹಮ್ಮು. ಅವರ ಮನೆಯ ಹಂಚಿಗಿಂತ ಎತ್ತರದಿಂದ ಅವರನ್ನು ನೋಡುವಂಥ, ಜಾತ್ರೆಯಲ್ಲಿ ಜನರನ್ನು ಕೂರಿಸಿ ಮೇಲೆ ಕೆಳಗೆ ತಿರುಗಿಸುವಂಥ ಒಂದು ರಾಟೆತೊಟ್ಟಿಲು ಕೆರೆಯ ದಂಡೆಯ ಮೇಲೆ ಎದ್ದು ನಿಲ್ಲಬೇಕು ಎಂದು ಕಲ್ಲಿನಾಥನಿಗೆ ಹೊಳೆಯಿತು. ಎಂದರೆ, ಅವನಿಗೆ ಹೊಳೆದದ್ದನ್ನು ಅವನು ನಮ್ಮ ಬಾಯಿಂದ ಹೇಳಿಸಿದ. ಆಮೇಲೆ ಊರಿಗೆ ಹುಚ್ಚೇ ಹಿಡಿಯಿತು. ಬಡಗಿಗಳು ಊಟ ಮರೆತರು, ಹೆಂಗಸರು ತೊಟ್ಟಿಲಿಗೆ ಹಾಸಲು ಕೌದಿ ಹೊಲಿದರು, ಎಂದೂ ಅಂಗಳ ದಾಟದ ಮುದುಕಿಯರು ತಮ್ಮ ಪಕ್ಕಕ್ಕೆ ಯಾರು ಕೂರಬೇಕೆಂದು ಜಗಳ ತೆಗೆದರು. ಆ ದಿನಗಳಲ್ಲಿ ಬಾತುಗಳಿಗೂ ಪುರಸೊತ್ತಿರಲಿಲ್ಲ. ಮೊಳೆ ತಪ್ಪಿ ಹೊಡೆದವರು, ಹಗ್ಗ ಗಿಡ್ಡ ಕತ್ತರಿಸಿದವರು ಎಲ್ಲರ ಮನೆಗೂ ಓಡಾಟ. ಬೀದಿಯ ಉದ್ದಕ್ಕೂ "ನಾನೇ", "ನಾನೇ" ಎಂದು ಕೂಗು, ನಗು, ಮತ್ತೆ ಸುತ್ತಿಗೆಯ ಸದ್ದು.

ತೊಟ್ಟಿಲುಗಳನ್ನೆಲ್ಲ ಹೊರುವ ನಡುವಿನ ಕಬ್ಬಿಣದ ಅಚ್ಚು ದ್ಯಾವಣ್ಣನ ಕೆಲಸ. ದ್ಯಾವಣ್ಣ, ಕಲ್ಲಿನಾಥ ಕೂಡಿ ಬೆಳೆದವರು. ದ್ಯಾವಣ್ಣನಿಗೆ ಮದುವೆ ಇಲ್ಲ, ಮಾತು ಕಡಿಮೆ. ಭಾವನೆಂದರೆ ಅವನಿಗೆ ಪ್ರಾಣ. ರಾಟೆತೊಟ್ಟಿಲು ನೋಡಲು ಕೆರೆಯಾಚೆಯವರನ್ನು ಕರೆದಿದ್ದ ದಿನದ ಹಿಂದಿನ ಸಂಜೆ ಅವನು ಕುಲುಮೆಗೆ ಕಲ್ಲಿನಾಥನನ್ನು ಕರೆಸಿ, ಅಚ್ಚಿನ ಮೇಲೆ ಉಗುರಿನಿಂದ ಗೀರಿದಂಥ ಒಂದು ಗೆರೆ ತೋರಿಸಿದ. ಅಲ್ಲಿದ್ದವರು ಅವರಿಬ್ಬರೇ.

"ಬಿರುಕು ಬಿಟ್ಟೈತಿ. ಬ್ಯಾರೇದ ಮಾಡಬೇಕು, ಭಾವಾ. ಒಂದ್ ವಾರ ಕೊಡು."

"ನಾಳೆ ಅವರೆಲ್ಲಾ ಬರತಾರ."

"ಬರಲಿ. ಉಣ್ಣಸಿ ಕಳಸು. ತೊಟ್ಟಿಲಾ ತಿರಗಸೂದು ಬ್ಯಾಡ."

ಕಲ್ಲಿನಾಥ ಅಚ್ಚಿನ ಹತ್ತಿರ ಬಂದ. ಬಗ್ಗಿ ಗೆರೆ ನೋಡಿದ. ಅದು ಬಿರುಕೆಂದು ತನಗೂ ಚೆನ್ನಾಗಿ ತಿಳಿಯಿತು ಎಂದು ನನಗೆ ಹೇಳಿದ. ಆದರೆ ಅವನ ಕೈ ತಾನಾಗಿ ಹೋಗಿ ದ್ಯಾವಣ್ಣನ ಹೆಗಲ ಮೇಲೆ ಕೂತಿತು. "ಇಷ್ಟು ವರ್ಷ ನೀ ಮಾಡಿದ್ದು ಒಂದರ ಮುರದೈತೇನೋ? ಸಣ್ಣವರಿದ್ದಾಗ ನೀ ಮಾಡಿಕೊಟ್ಟ ಬುಗರಿ ಇನ್ನೂ ತಿರಗತೈತಿ ನಮ್ಮನ್ಯಾಗ. ನನಗೇನ್ ತಿಳೀತೈತಿ ಕಬ್ಬಿಣದ್ದು. ನಿನ್ನ ಕೈ ಮ್ಯಾಲ ನಿನಗ ನಂಬಿಕಿ ಇಲ್ಲಂದ್ರ ಬಿಡು, ನಾ ಊರ ಮುಂದ ನಿಂತು ಮಾಫಿ ಕೇಳ್ತೀನಿ. ಆದ್ರ ನೀನ ಹೇಳು." ದ್ಯಾವಣ್ಣ ಮತ್ತೊಮ್ಮೆ ಬೇಡ ಎಂದ. ಕಲ್ಲಿನಾಥ ಹೆಗಲಿನ ಕೈ ತೆಗೆಯಲಿಲ್ಲ, ನಿಟ್ಟುಸಿರು ಬಿಟ್ಟ, ಕಣ್ಣಲ್ಲಿ ನೀರು ತಂದುಕೊಂಡ. ಆ ನೀರು ಸುಳ್ಳಲ್ಲ ಎಂದು ಅವನು ಆಣೆ ಹಾಕಿದ್ದಾನೆ. ದ್ಯಾವಣ್ಣ ಅಚ್ಚಿನ ಗೆರೆಯನ್ನು ಮತ್ತೊಮ್ಮೆ ಸವರಿ, "ಆಗಲಿ. ಒಂದು ದಿನಕ್ಕ ತಡದೀತು. ನಾ ಕೆಳಗ ನಿಂತಿರ್ತೀನಿ" ಎಂದ. ಕಲ್ಲಿನಾಥ ಹಗುರಾಗಿ ಮನೆಗೆ ಬಂದ. ಹೋಳಿಗೆ ಉಂಡು, ಹೆಂಡತಿಯ ಎರಡೂ ಕೈ ಹಿಡಿದು ಅಂಗಳದಲ್ಲಿ ಗಿರಗಿರ ತಿರುಗಿಸಿದ. ಅವಳು "ಬಿಡೋ, ತಲಿ ತಿರಗಾಕತ್ತೈತಿ" ಎಂದು ಕೂಗುತ್ತ ನಗುತ್ತಿದ್ದದ್ದು ನನ್ನ ಅಂಗಡಿಗೂ ಕೇಳಿಸಿತು.

ಮರುದಿನ ರಾಟೆತೊಟ್ಟಿಲು ತಿರುಗಿತು ನೋಡಿ! ನಾನೂ ಕೂತಿದ್ದೆ. ಮೇಲೇರುವಾಗ ಹೊಟ್ಟೆ ಕೆಳಗೆ ಉಳಿಯಿತು, ಇಳಿಯುವಾಗ ಜೀವ ಮೇಲೆ ಉಳಿಯಿತು. ಕೆರೆಯಾಚೆಯವರ ಹಂಚು, ಹಂಚಿನ ಮೇಲೆ ಒಣಗಿಸಿದ ಹಪ್ಪಳ, ಹಪ್ಪಳ ತಿನ್ನುತ್ತಿದ್ದ ಕಾಗೆ ಎಲ್ಲ ಕಂಡವು. ಪಕ್ಕದಲ್ಲಿ ಕೂತಿದ್ದ ಬಾಳವ್ವ ಹಲ್ಲಿಲ್ಲದ ಬಾಯಿ ತೆರೆದು, "ಸಾವಂತ್ರೀ, ನಾ ಸತ್ತರೂ ಚಿಂತಿಲ್ಲ, ಇನ್ನೊಂದು ಸುತ್ತು" ಎಂದಳು. ಕೆಳಗೆ ಕಲ್ಲಿನಾಥ ಪೇಟ ಸುತ್ತಿಕೊಂಡು ನಿಂತಿದ್ದ. ಸಾವಿರ ಕಂಠಗಳು ಅವನ ಹೆಸರು ಕೂಗುತ್ತಿದ್ದವು. ಆಗ ಅಚ್ಚು ಅರಚಿತು. ನಮಗೆ ಅದು ಯಾರೋ ಹುಡುಗಿ ಕಿರುಚಿದಂತೆ ಕೇಳಿ ಮತ್ತೂ ನಗು ಬಂತು. ದ್ಯಾವಣ್ಣನಿಗೆ ಮಾತ್ರ ಗೊತ್ತಾಯಿತು. ಅವನು ಓಡಿಬಂದು ಹಾರೆ ಕೊಟ್ಟು, ಹಾರೆಗೆ ಹೆಗಲು ಕೊಟ್ಟು, ಒಂದೊಂದೇ ತೊಟ್ಟಿಲು ಕೆಳಗಿಳಿಸಿ ಜನರನ್ನು ಇಳಿಸಿದ. "ಲಗೂ ಇಳೀರಿ, ನಗಬ್ಯಾಡ್ರಿ, ಇಳೀರಿ" ಎನ್ನುತ್ತಿದ್ದ. ನಾವು ನಗುತ್ತಲೇ ಇಳಿದೆವು. ಕಟ್ಟಕಡೆಯ ಮುದುಕಿಯ ಕಾಲು ನೆಲಕ್ಕೆ ತಾಗಿತು, ಅಚ್ಚು ಮುರಿಯಿತು. ಎಲ್ಲ ಬಂದು ಬಿದ್ದದ್ದು ದ್ಯಾವಣ್ಣನ ಮೇಲೆ.

ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಕೆರೆ ಬರಿದಾಯಿತು. ಕೆರೆಯಲ್ಲಿ ಅಷ್ಟು ಬಾತುಗಳಿದ್ದವೆಂದು ನಮಗಾರಿಗೂ ಗೊತ್ತಿರಲಿಲ್ಲ. ಮುದಿ ಬಾತು, ಮರಿ ಬಾತು, ಕುಂಟ ಬಾತು, ಎಲ್ಲವೂ ಸಾಲು ಹಿಡಿದು ಪೇಟೆಬೀದಿಗೆ ಬಂದವು. ಯಾರೂ ಭಜಿ ಕೇಳಲಿಲ್ಲ. ಎಣ್ಣೆ ಸುಮ್ಮನೆ ಕಾಯುತ್ತಿತ್ತು. ಕವಲಿನಲ್ಲಿ ಎಡಕ್ಕೆ ಹೊರಳಿದರೆ ದ್ಯಾವಣ್ಣನ ಮನೆ, ಬಲಕ್ಕೆ ಕಲ್ಲಿನಾಥನ ಮನೆ. ಆಗಲಿ ಎಂದವನು ದ್ಯಾವಣ್ಣ, ಹಾಗಾಗಿ ಬಾತು ಎಡಕ್ಕೇ ಹೋಗುತ್ತದೆ ಎಂದು ಕಲ್ಲಿನಾಥ ನಂಬಿ ನಿಂತಿದ್ದ. ಅವು ಬಲಕ್ಕೆ ಹೊರಳಿದವು. ಅವನು ಎಂದಿನಂತೆ ಕೈ ಅಗಲಿಸಿ ಹಿತ್ತಲ ಕಡೆ ಸಾಗಿಸಲು ನೋಡಿದ. ಅವನ ಕಾಲ ಸಂದಿನಲ್ಲೇ ನುಸುಳಿ, ಥಳಥಳ ಹೊಳೆಯುವ ಹೊಸ್ತಿಲ ಮುಂದೆ ಕೂತು, ಎಲ್ಲವೂ ಕತ್ತು ಓರೆ ಮಾಡಿದವು. ಅಂಗಳ ತುಂಬಿ, ಜಗುಲಿ ತುಂಬಿ, ಸಾಲು ಬೀದಿಯ ಅರ್ಧಕ್ಕೂ ಬಂತು.

"ಇವಕ್ಕ ದಾರಿ ತಪ್ಪೈತಿ" ಎಂದ ಕಲ್ಲಿನಾಥ.

ಮುಂದಿನದನ್ನು ಹೇಳುವಾಗ ನಗಬಾರದು, ಆದರೆ ಆಗ ನಮಗೆ ನಗು ಬಂದಿತ್ತು, ಏನು ಮಾಡೋಣ. ಕಲ್ಲಿನಾಥ ಕಟ್ಟೆಗೆ ಹೊರಟರೆ ಬಾತುಗಳ ಮೆರವಣಿಗೆ ಅವನ ಹಿಂದೆ. ಅವನು ಜಳಕಕ್ಕೆ ಕೂತರೆ ಬಚ್ಚಲ ಸುತ್ತ. ಅವನು ಉಣ್ಣಲು ಕೂತರೆ ತಾಟಿನ ಸುತ್ತ, ತುತ್ತು ತುತ್ತಿಗೂ ಅಷ್ಟೊಂದು ಕಣ್ಣು. ಅವನು ಗಾಳಿಯ ತಪ್ಪು ಎಂದ, ಬಾತು ಕದಲಲಿಲ್ಲ. ಕಬ್ಬಿಣ ಮಾರಿದವನ ತಪ್ಪು ಎಂದ. ದ್ಯಾವಣ್ಣನ ಆಯುಷ್ಯ ಅಷ್ಟೇ ಇತ್ತು, ಹಣೆಬರಹ ಎಂದ. ಜೋಯಿಸನನ್ನು ಕರೆಸಿ ಗ್ರಹಗಳ ತಪ್ಪು ಎಂದು ಹೇಳಿಸಿದ. ಒಂದು ಬಾತು ಎದ್ದಿತು, ನಾವು ಉಸಿರು ಬಿಗಿಹಿಡಿದೆವು. ಅದು ಜೋಯಿಸನ ಹಿಂದೆ ಹೋಗಿ ಅವನ ಮನೆಯ ಮುಂದೆ ಕೂತಿತು. "ದಕ್ಷಿಣೆ ಆಸೇಕ್ಕ ಸುಳ್ಳ ಹೇಳಿದಾವ ನಾನೇ" ಎಂದು ಜೋಯಿಸ ಒದರಿದ್ದು ಮೂರು ಓಣಿಗೆ ಕೇಳಿಸಿತು. ಕೊನೆಗೆ ಕಲ್ಲಿನಾಥ ಊರನ್ನೇ ಸೇರಿಸಿ, "ನೀವೂ ಕುಣದೀರಿ, ನೀವೂ ಅವಸರ ಮಾಡೀರಿ. ನೀವ ಹೇಳ್ರಿ, ಇದು ಯಾರದು?" ಎಂದು ಕೇಳಿದ. ಪಾಪ, ನಾವು ಹೇಳಿದೆವು. ಬಡಗಿ, ಕೌದಿ ಹೊಲಿದವರು, ಅಚ್ಚು ಅರಚಿದಾಗ ನಕ್ಕವರು, ಎಲ್ಲರೂ ತಂತಮ್ಮ ಪಾಲು ಒಪ್ಪಿಕೊಂಡೆವು. ಒಬ್ಬೊಬ್ಬರ ಹಿಂದೆ ಒಂದೊಂದು ಬಾತು ಮನೆಯವರೆಗೆ ಬಂದು ಕೆರೆಗೆ ಹೋಯಿತು. ಕಲ್ಲಿನಾಥನ ಮುಖ ಅರಳಿತು. ಆದರೆ ಊರೆಲ್ಲ ಮುಗಿದ ಮೇಲೂ ಅವನ ಅಂಗಳ ತುಂಬಿಯೇ ಇತ್ತು.

 ಅಣ್ಣನನ್ನು ಕಳೆದುಕೊಂಡ ನೀಲಗಂಗಾ ಇಷ್ಟು ದಿನ ಬಾತುಗಳ ನಡುವೆ ಹೆಜ್ಜೆ ಹುಡುಕುತ್ತ ನೀರು ತಂದಳು, ರೊಟ್ಟಿ ಬಡಿದಳು. ಅಂದು ನಾವು ನಮ್ಮ ನಮ್ಮ ಬಾತು ಕಳಿಸಿ ಮತ್ತೆ ಅವನ ಮನೆಯ ಮುಂದೆ ನೆರೆದಾಗ ಅವಳು ಮುಂಬಾಗಿಲಿಗೆ ಬಂದು, ನಮ್ಮೆಲ್ಲರ ಎದುರಿಗೇ ಹೇಳಿದಳು. "ನಾ ನಿನಗ ಬ್ಯಾರೇ ಏನೂ ಕೇಳೂದಿಲ್ಲ. ಒಂದ್ ಸಲ ನಾನೇ ಅನ್ನು. ಹೆಂಗಾತು, ಏನಾತು ಹೇಳು. ಅಂದ್ರ ನಾ ಇದ ಮನ್ಯಾಗ ನಿನ್ನ ಜೋಡಿ ಇರ್ತೀನಿ. ಅನ್ನಲಿಲ್ಲಂದ್ರ ನಾ ಅಣ್ಣನ ಮನಿಗಿ ಹೋಗ್ತೀನಿ."

ಅವನು ಕಟ್ಟೆಯಲ್ಲಿ ಹೇಳುತ್ತಿದ್ದ ಅದೇ ತುಂಬು ದನಿಯಲ್ಲಿ ಹೇಳಹೊರಟ, ಆದರೆ ದನಿ ಅರ್ಧಕ್ಕೇ ಇಳಿದುಹೋಯಿತು. "ನಾನೇ ಅಂದ್ರ ಕಟ್ಟಿ ಹೋಗತೈತಿ, ನೀಲಾ. ಎಲ್ಲಾ ಹೋಗತೈತಿ. ಏನ್ ಮಾಡ್ಲಿ, ನೀನ ಹೇಳು."

ಅವಳು ಹೇಳಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ಕೈಯಲ್ಲಿದ್ದ ಸೌಟನ್ನು ಸೆರಗಿನಿಂದ ಒರೆಸತೊಡಗಿದೆ. ಬಾಳವ್ವನನ್ನು ನೋಡಿದ, ಅವಳು ಎಲೆಗೆ ಸುಣ್ಣ ಹಚ್ಚತೊಡಗಿದಳು. ಹುಟ್ಟಿದಾಗಿನಿಂದ ಅವನಿಗೆ ಯಾರಾದರೊಬ್ಬರು ಮಾತು ಎತ್ತಿ ಕೊಡುತ್ತಿದ್ದರು. ಅಂದು ಇಡೀ ಊರು ನಿಂತಿತ್ತು, ಒಬ್ಬರೂ ಕೊಡಲಿಲ್ಲ. ಅವನು ಹೊಸ್ತಿಲ ಮೇಲೆ ಕೂತ. ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಯಿತು. ಕೊನೆಗೆ ಅವನ ಬಾಯಿಂದ ಬಂದ ದನಿ ನಮಗೆ ಗುರುತೇ ಸಿಗಲಿಲ್ಲ, ಅಷ್ಟು ಸಣ್ಣದು.

"ನಾನೇ" ಎಂದ. "ಅಚ್ಚು ಬಿರುಕು ಬಿಟ್ಟದ್ದು ನಾ ಕಣ್ಣಾರೆ ಕಂಡಿದ್ದೆ. ದ್ಯಾವಣ್ಣ ಬ್ಯಾಡ ಅಂದಾ, ಎರಡ ಸಲ ಅಂದಾ. ಆಂವಾ ನನ್ನ ಮಾತು ತೆಗದು ಹಾಕೂದಿಲ್ಲಂತ ನನಗ ಗೊತ್ತಿತ್ತು. ಅದಕ್ಕ ಅವನ ಬಾಯಿಂದ ಹೂಂ ಅನಿಸಿದೆ. ಹಣೆಬರಹ ಅಲ್ಲ, ಗಾಳಿ ಅಲ್ಲ. ನಾನೇ."

ಕ್ವಾಕ್ ಎಂದು ಮೊದಲ ಬಾತು ಕೂಗಿತು. ನಮ್ಮ ಬಾತುಗಳಿಗೆ ದನಿ ಇದೆ ಎಂದು ಗೊತ್ತಾದದ್ದೇ ಅಂದು! ಒಂದರ ಹಿಂದೆ ಒಂದು ಎದ್ದು, ರೆಕ್ಕೆ ಬಡಿದು, ಗದ್ದಲ ಮಾಡುತ್ತ ಬೀದಿ ತುಂಬ ಓಡಿದವು. ಕೆರೆಗೆ ದುಮುಕಿದ ಸದ್ದು ಪೇಟೆಗೂ ಕೇಳಿತು. ಊರಿಗೆ ಊರೇ ಕುಣಿಯಿತು. ಅಳುತ್ತಿದ್ದವರು ನಕ್ಕರು, ನಗುತ್ತಿದ್ದವರು ಅತ್ತರು, ನಾನು ಇದ್ದಬದ್ದ ಹಿಟ್ಟನ್ನೆಲ್ಲ ಕಲಸಿ ಕರಿದು ಕೈಗೆ ಸಿಕ್ಕವರಿಗೆ ಹಂಚಿದೆ. ಬಾಳವ್ವ ಹೋಗಿ ಕಲ್ಲಿನಾಥನ ತಲೆ ಸವರಿದಳು. ನಮ್ಮ ಲೆಕ್ಕದಲ್ಲಿ ಎಲ್ಲ ಮುಗಿದಿತ್ತು. ಬಾತು ಹೋಯಿತು, ಇನ್ನೇನು ಉಳಿಯಿತು?

ನೀಲಗಂಗಾ ಒಳಗೆ ಹೋಗಿ ಒಲೆ ಹಚ್ಚಿದಳು. ಅವನಿಗೆ ನೀರು ಕೊಟ್ಟಳು. ಎದುರಿಗೆ ಕೂತು ಅವನ ಮುಖ ನೋಡಿದಳು, ಅವನೂ ಮುಖ ಎತ್ತಿ ನೋಡಿದ. ಆ ಒಂದು ಗಳಿಗೆ ಜೀವಮಾನದಲ್ಲಿ ಮೊದಲ ಸಲ ತನ್ನ ಹತ್ತಿರ ಮುಚ್ಚಿಡುವುದು ಏನೂ ಇಲ್ಲ ಎನಿಸಿ ಕಣ್ಣು ಕತ್ತಲಿಟ್ಟಿತು ಎಂದು ಅವನು ಹೇಳುತ್ತಾನೆ. ಅವಳು ಮಾತ್ರ ಎದ್ದಳು. ಎರಡು ಸೀರೆ ಗಂಟು ಕಟ್ಟಿದಳು. "ಕೊಟ್ಟ ಮಾತು ಇಟ್ಕೋಬೇಕಂತ ಕುಂತಿದ್ದೆ. ಆಗಾಕವಲ್ದು. ನೀ ಹೇಳೂ ತನಾ ನನಗ ನಿನ್ನ ಮ್ಯಾಲ ಬರೇ ಸಿಟ್ಟಿತ್ತು. ಈಗ ನಮ್ಮಣ್ಣ ಬ್ಯಾಡ ಅಂದದ್ದು ಕಿವ್ಯಾಗ ಕೇಳಸಾಕತ್ತೈತಿ. ನಿನ್ನ ಕೈ ಕಂಡರ ಅವನ ಹೆಗಲಾ ಕಾಣತೈತಿ" ಎಂದಳು.

ಅವಳು ಮುಂಬಾಗಿಲಿನಿಂದ ಬೀದಿಗೆ ಇಳಿದಾಗ ನಮ್ಮ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಕೆರೆಯ ಕಡೆಯಿಂದ ಒಂದು ಬಾತು, ಒಂದೇ ಒಂದು, ಇನ್ನೂ ನೀರು ತೊಟ್ಟಿಕ್ಕುತ್ತ, ನಡುಬೀದಿಯಲ್ಲಿ ಅವಳಿಗೆದುರಾಗಿ ಬಂದು ಕೂತು ಕತ್ತು ಓರೆ ಮಾಡಿತು. ಅವಳು ಗಂಟು ಕೆಳಗಿಟ್ಟಳು.

"ಹೌದು, ನಾನೇ. ಇರ್ತೀನಂತ ಮಾತು ಕೊಟ್ಟು ಬಿಟ್ಟು ಹೊಂಟಾಕಿ ನಾನೇ" ಎಂದಳು, ಬೀದಿಗೆಲ್ಲ ಕೇಳುವ ಹಾಗೆ.

ಬಾತು ಎದ್ದು ಕೆರೆಗೆ ಹೋಯಿತು. ಅವಳು ಗಂಟು ಎತ್ತಿಕೊಂಡು ಅಣ್ಣನ ಮನೆಯ ಕಡೆಗೆ ಹೋದಳು. ಕಲ್ಲಿನಾಥ ಹೊಸ್ತಿಲ ಮೇಲೆ ನಿಂತು ನೋಡಿದ. ಕರೆಯಲಿಲ್ಲ, ಕರೆಯಲೇ ಎಂದು ಯಾರನ್ನೂ ಕೇಳಲಿಲ್ಲ.